ಆರು ಬೆಂಕಿಪೊಟ್ಟಣ, ಒಂದು ಹರಿವಾಣ

ಆಗೆಲ್ಲ ನಮ್ಮ ಚಾಮರಾಜಪೇಟೆಯಲ್ಲಿ ಅವರೆಕಾಯಿ ಕಾಲ ಬಂತೆಂದರೆ ಎರಡು ತಿಂಗಳು ಬೇರೆ ತರಕಾರಿಗೆ ಮರ್ಯಾದೆಯೇ ಇರುತ್ತಿರಲಿಲ್ಲ. ಮಾರ್ಕೆಟ್ಟಿನ ಕಡೆಯಿಂದ ತಳ್ಳುಗಾಡಿಗಳು ಬೆಳಗ್ಗೆ ಏಳಕ್ಕೆಲ್ಲ ಬೀದಿಗೆ ಬಂದು ನಿಲ್ಲುತ್ತಿದ್ದವು. ಅಮ್ಮ ಒಂದು ಕಾಯಿ ಎತ್ತಿ ಮೂಗಿಗೆ ಹಿಡಿದು, ಸೊಗಡಿದ್ದರೆ ಮಾತ್ರ ಚೀಲ ಬಿಚ್ಚುತ್ತಿದ್ದಳು. ಬೆಳಗ್ಗೆ ಅವರೆಕಾಳಿನ ಉಪ್ಪಿಟ್ಟು, ಮಧ್ಯಾಹ್ನ ಹಿತುಕಿದ ಬೇಳೆಯ ಹುಳಿ, ಸಂಜೆ ಅವರೆಕಾಳು ಹಾಕಿ ತಟ್ಟಿದ ಅಕ್ಕಿರೊಟ್ಟಿ. ಬೀದಿಯ ದನಗಳು ಕೂಡ ಸಿಪ್ಪೆ ತಿಂದು ತಿಂದು ಬೇಸತ್ತು ಮುಖ ತಿರುಗಿಸುತ್ತಿದ್ದವು. ಈ ಕಡೆ ಬೆಳೆದವರಾದರೆ ನಿಮ್ಮ ಉಗುರಿನ ಸಂದಿಯಲ್ಲೂ ಆ ವಾಸನೆ ಎಲ್ಲೋ ಉಳಿದಿದ್ದೀತು.

ಅಂಥ ಒಂದು ಅವರೆಕಾಯಿ ಕಾಲದಲ್ಲಿ ನಾನು ಫೇಲಾಗಿ ಕೂತಿದ್ದೆ. ಹದಿಮೂರು ವರ್ಷ, ಎರಡು ಜಡೆ, ಮೂಗಿನ ತುದಿಯಲ್ಲೇ ಸಿಟ್ಟು. ಸ್ಕೂಲಿನ ಪರೀಕ್ಷೆಗಳಲ್ಲಿ ಹೇಗೋ ದಾಟಿಕೊಳ್ಳುತ್ತಿದ್ದೆ. ಡುಮ್ಕಿ ಹೊಡೆದದ್ದು ಸರ್ಕಾರದ ಲೋಯರ್ ಡ್ರಾಯಿಂಗ್ ಪರೀಕ್ಷೆಯಲ್ಲಿ, ಅದೂ ಡಿಸೈನ್ ಪೇಪರಿನಲ್ಲಿ. ಹೂಜಿ, ಲೋಟ, ಬಾಳೆಹಣ್ಣು ಎದುರಿಗಿಟ್ಟುಕೊಂಡು ಬರೆಯುವ ಚಿತ್ರಕ್ಕೆ ಕ್ಲಾಸಿಗೇ ಹೆಚ್ಚು ನಂಬರು ನನ್ನದು. ಡಿಸೈನ್ ಪೇಪರಿನಲ್ಲಿ ಎದುರಿಗೆ ಏನೂ ಇಡುವುದಿಲ್ಲ. ಒಂದು ಚೌಕವನ್ನೋ ಆಯತವನ್ನೋ ಹೇಳಿ, ಇಂತಿಂಥ ಆಕಾರಗಳನ್ನು ಅದರೊಳಗೆ ಅಂದವಾಗಿ ಹೊಂದಿಸಿ ಬಣ್ಣ ತುಂಬಿ ಅನ್ನುತ್ತಾರೆ. ಅಷ್ಟೇ. ಆ ಅಷ್ಟರಲ್ಲೇ ನಾನು ಮುಗ್ಗರಿಸಿದ್ದೆ.

ಅಪ್ಪ ಮಾರ್ಕ್ಸ್ ಕಾರ್ಡನ್ನು ಎರಡು ಸಲ ಓದಿ ಮಡಚಿ ಮೇಜಿನ ಮೇಲಿಟ್ಟರು. ಅವರು ಕಚೇರಿಯಲ್ಲಿ ಗುಮಾಸ್ತರು. ಬೈಯುವಾಗಲೂ ಫೈಲಿನ ಮೇಲೆ ಷರಾ ಬರೆದ ಹಾಗೆ ಮೆಲ್ಲಗೆ ಬೈಯುತ್ತಿದ್ದರು.

"ಇನ್ನೊಂದೇ ಒಂದು ಸಲ ಕೂತ್ಕೋ," ಅಂದರು. "ಪಾಸಾದ್ರೆ ಡ್ರಾಯಿಂಗ್ ಕ್ಲಾಸು ಮುಂದುವರೀಲಿ. ಆಗ್ಲಿಲ್ವಾ, ಬಿಟ್ಬಿಡು. ಮುಂದಿನ ವರ್ಷ ಒಂಬತ್ತು, ಅದರಾಚೆ ವರ್ಷ ಟೆನ್ತು. ಶನಿವಾರ ಭಾನುವಾರ ಗಣಿತದ ಟ್ಯೂಷನ್‌ಗೆ ಹೋಗು."

"ಪಾಸಾಗ್ತೀನಿ."

"ಹೇಗೆ?"

"ಆಗ್ತೀನಿ ಅಂದ್ನಲ್ಲಪ್ಪಾ!" ಅಂದು ಕಾಲು ಅಪ್ಪಳಿಸಿಕೊಂಡು ಒಳಗೆ ಹೋದೆ. ಡ್ರಾಯಿಂಗ್ ಕ್ಲಾಸು ಬಿಡುವುದೆಂದರೆ ನನಗೆ ಊಟ ಬಿಟ್ಟಷ್ಟೇ ಕಷ್ಟವಾಗಿತ್ತು. ವಾರದ ಐದು ದಿನ ನಾನು ಉಸಿರು ಹಿಡಿದುಕೊಂಡು ಇದ್ದದ್ದೇ ಆ ಎರಡು ದಿನಕ್ಕಾಗಿ.

ಫೇಲಾದದ್ದು ಹೇಗೆ ಅಂತ ಹೇಳಿಬಿಡುತ್ತೇನೆ, ನಾಚಿಕೆ ಪಟ್ಟುಕೊಂಡು ಈಗ ಆಗಬೇಕಾದ್ದೇನಿಲ್ಲ. ನಮ್ಮ ಮನೆಗೆ ಒಂದು ಜಂಬವಿತ್ತು. ಅದು ಅಜ್ಜಿಯ ರಂಗೋಲಿ. ಅಜ್ಜಿ ಅಂದರೆ ಅಪ್ಪನ ತಾಯಿ. ಎಪ್ಪತ್ತು ಮುಟ್ಟುತ್ತಿದ್ದ, ಕಡ್ಡಿಯಂಥ ಹೆಂಗಸು. ಬೀದಿಯವರೆಲ್ಲ ಚುಕ್ಕಿ ಇಟ್ಟು, ಎಣಿಸಿ, ಸೇರಿಸುತ್ತಿದ್ದರೆ ಇವಳಿಗೆ ಚುಕ್ಕಿಯೇ ಬೇಡ. ಧನುರ್ಮಾಸದ ಬೆಳಗ್ಗೆ ಆರಕ್ಕೆ ನೀರು ಚಿಮುಕಿಸಿ, ಸೆರಗು ಸಿಕ್ಕಿಸಿ ಬಗ್ಗಿ, ಎರಡು ಬೆರಳಿನ ಸಂದಿಯಿಂದ ಪುಡಿ ಬಿಡತೊಡಗಿದರೆ ಮುಗಿಯುವವರೆಗೂ ಏಳುತ್ತಿರಲಿಲ್ಲ. ಒಂದು ಗೆರೆಯನ್ನೂ ಅಳಿಸಿದ್ದನ್ನು ನಾನು ಕಂಡಿರಲಿಲ್ಲ. ಎದುರುಮನೆಯ ಸರೋಜಮ್ಮ ಹಾಲಿನ ಪಾತ್ರೆ ಹಿಡಿದು ಬಂದವರು ಅಲ್ಲೇ ನಿಂತುಬಿಡುತ್ತಿದ್ದರು.

"ನಿಮ್ಮತ್ತೆ ಕೈ ಏನ್ರೀ ಅದು! ಗೀಟು ಎಳೆದ್ರೆ ಎಳೆದಿದ್ದೇ," ಎಂದು ಅಮ್ಮನಿಗೆ ದಿನಾ ಹೇಳುತ್ತಿದ್ದರು.

ಆ ಮಾತು ಅಜ್ಜಿಯ ತಲೆಗೆ ಏರಿತ್ತೋ ಇಲ್ಲವೋ, ನನ್ನ ತಲೆಗಂತೂ ಏರಿ ಕೂತಿತ್ತು. ಅಂಥ ಅಜ್ಜಿಯ ಮೊಮ್ಮಗಳು ನಾನು, ನನಗ್ಯಾಕೆ ರಫ್ಫು? ಪೆನ್ಸಿಲಿನಲ್ಲಿ ಗೀಚಿ, ಅಳಿಸಿ, ಮತ್ತೆ ಗೀಚುವವರು ಕೈ ಸಾಲದವರು ಅಂತ ನನ್ನ ತೀರ್ಮಾನ. ಪರೀಕ್ಷೆಯಲ್ಲಿ ಒಂದು ಸೂರ್ಯಕಾಂತಿ, ನಾಲ್ಕು ಎಲೆ, ಎರಡು ಚಿಟ್ಟೆ ಹೊಂದಿಸಿ ಅಂದಿದ್ದರು. ನಾನು ಹಿಂದೆಮುಂದೆ ನೋಡದೆ ಹಾಳೆಯ ನಟ್ಟನಡುವೆ ಸೂರ್ಯಕಾಂತಿ ಬರೆದೆ. ಏನು ಹೂವು ಅದು! ಪಕ್ಕದ ಹುಡುಗಿ ಬಗ್ಗಿ ನೋಡಿದಳು. ಆಮೇಲೆ ಎಲೆ ಇಡಲು ಹೋದರೆ ಜಾಗವೇ ಇಲ್ಲ. ಎರಡು ಎಲೆ ಮೂಲೆಗೆ ತುರುಕಿದೆ. ಒಂದು ಚಿಟ್ಟೆಗೆ ಜಾಗ ಸಿಕ್ಕಿತು, ಇನ್ನೊಂದಕ್ಕೆ ಇಲ್ಲ. ಹೂವನ್ನೇ ಚಿಕ್ಕದು ಮಾಡೋಣವೆಂದು ಅಳಿಸಿದೆ. ಅಳಿಸಿ ಅಳಿಸಿ ಹಾಳೆ ಜುಂಗು ಎದ್ದಿತು. ಅದರ ಮೇಲೆ ಪೋಸ್ಟರ್ ಕಲರ್ ಹಚ್ಚಿದರೆ ಬಣ್ಣ ಹರಡಿಕೊಂಡು ಚಿಟ್ಟೆ ಹೋಗಿ ಬಾವಲಿಯಾಯಿತು. ಗಂಟೆ ಹೊಡೆಯಿತು.

ನನಗೆ ಕಲಿಸುತ್ತಿದ್ದವರು ಬಸವನಗುಡಿಯ ಪದ್ಮಾ ಮಿಸ್. ಅವರ ಮನೆಯಲ್ಲಿ ಕಾರಿರಲಿಲ್ಲ, ಕಾರ್ ಶೆಡ್ಡು ಇತ್ತು. ಅಲ್ಲೇ ಚಾಪೆ ಹಾಸಿ ನಾವು ಹತ್ತು ಮಕ್ಕಳು ಕೂರುತ್ತಿದ್ದೆವು. ಒದ್ದೆ ಬ್ರಷ್ಷು, ಪೋಸ್ಟರ್ ಕಲರಿನ ಬಾಟಲಿ, ಒಳಗಿಂದ ಬರುವ ಕಾಫಿ ಡಿಕಾಕ್ಷನ್ನಿನ ಘಮ, ಎಲ್ಲ ಸೇರಿ ಆ ಶೆಡ್ಡಿಗೆ ಅದರದೇ ಒಂದು ವಾಸನೆ ಇತ್ತು. ಮಿಸ್ಸಿನದು ಒಂದೇ ಕಾನೂನು. ಡಿಸೈನ್ ಕೊಟ್ಟ ತಕ್ಷಣ ಖಾಲಿ ಬೆಂಕಿಪೊಟ್ಟಣವನ್ನು ರದ್ದಿ ಹಾಳೆಯ ಮೇಲಿಟ್ಟು ಸುತ್ತ ಗೀಟು ಎಳೆಯಬೇಕು. ಅಂಥ ಆರು ಮನೆ. ಒಂದೊಂದು ಮನೆಯಲ್ಲೂ ಅವೇ ಆಕಾರಗಳನ್ನು ಬೇರೆ ಬೇರೆ ಜಾಗದಲ್ಲಿಟ್ಟು ನೋಡಬೇಕು. ದಳ, ನರ, ರೆಕ್ಕೆ ಏನೂ ಬರೆಯುವ ಹಾಗಿಲ್ಲ. ದೊಡ್ಡ ಆಕಾರಕ್ಕೆ ಪೆನ್ಸಿಲಿನ ದೊಡ್ಡ ಮಚ್ಚೆ, ಚಿಕ್ಕದಕ್ಕೆ ಚಿಕ್ಕ ಮಚ್ಚೆ. ಆರರಲ್ಲಿ ಒಂದಾದರೂ "ನಿಂತುಕೊಂಡರೆ", ಅಂದರೆ ಯಾವ ಕಡೆಗೂ ವಾಲದೆ ತೂಗಿದರೆ, ಮಿಸ್ ಒಳಗಿನಿಂದ ದೊಡ್ಡ ಡ್ರಾಯಿಂಗ್ ಹಾಳೆ ತಂದು ಕೊಡುತ್ತಿದ್ದರು.

ನನಗೆ ಅದು ಚಿಕ್ಕಮಕ್ಕಳ ಆಟ ಅನ್ನಿಸುತ್ತಿತ್ತು. ಫೇಲಾದ ಮೇಲೂ ಬುದ್ಧಿ ಬಂದಿರಲಿಲ್ಲ, ನೋಡಿ. ಆ ಶನಿವಾರ ತರಬೇಕೆಂದು ಮಿಸ್ ಹಿಂದಿನ ವಾರವೇ ಒಂದು ದಿಂಬಿನ ಕವರಿನ ಡಿಸೈನ್ ಹೇಳಿದ್ದರು. ನಾನು ಶುಕ್ರವಾರವೇ ಮನೆಯಲ್ಲಿ ಅಪ್ಪನ ಕೈಯಲ್ಲಿ ಅವೆನ್ಯೂ ರಸ್ತೆಯಿಂದ ತರಿಸಿಟ್ಟುಕೊಂಡಿದ್ದ ದೊಡ್ಡ ಹಾಳೆಯ ಮೇಲೆ ಪೂರ್ತಿ ಬರೆದು ಮುಗಿಸಿದ್ದೆ. ಆಮೇಲೆ ಅದನ್ನು ನೋಡಿಕೊಂಡು ಆರು ಬೆಂಕಿಪೊಟ್ಟಣದ ಮನೆ ಕಟ್ಟಿ, ಅಲ್ಲಿ ಇಲ್ಲಿ ಸ್ವಲ್ಪ ಬದಲಾಯಿಸಿ ತುಂಬಿದ್ದೆ. ಯಾರಿಗೆ ಗೊತ್ತಾಗುತ್ತೆ ಅಂತ ಧೈರ್ಯ.

ಮಿಸ್ ಆರೂ ಮನೆ ನೋಡಿದರು. ಆಮೇಲೆ ನನ್ನ ಮುಖ ನೋಡಿದರು.

"ಇದರಲ್ಲಿ ಮೊದಲು ಬರೆದಿದ್ದು ಯಾವ್ದು?"

"ಇದು ಮಿಸ್," ಎಂದು ಮೂಲೆಯ ಮನೆ ತೋರಿಸಿದೆ.

"ಸುಳ್ಳು. ಮೊದಲು ದೊಡ್ಡದು ಬರೆದಿದೀಯ. ಊಟ ಆದ್ಮೇಲೆ ಸಾರಿಗೆ ಒಗ್ಗರಣೆ ಹಾಕಿದೀಯ." ಮಕ್ಕಳೆಲ್ಲ ಕಿಸಕ್ಕೆಂದರು. "ಆರೂ ನೋಡು. ಎಲ್ಲಾದ್ರಲ್ಲೂ ಹೂವು ನಡುಮಧ್ಯೆ ಯಜಮಾನನ ಥರ ಕೂತಿದೆ. ಒಂದ್ಸಲನಾದ್ರೂ ಅದನ್ನ ಎಬ್ಬಿಸಿ ಆ ಕಡೆ ಈ ಕಡೆ ಕೂರಿಸಿ ನೋಡಿದ್ಯಾ?"

ತಪ್ಪಾಯಿತು ಅನ್ನುವ ಬದಲು ವಾದಕ್ಕೆ ನಿಂತೆ.

"ನಮ್ಮಜ್ಜಿ ರಫ್ ಹಾಕೋದೇ ಇಲ್ಲ ಮಿಸ್. ಒಂದೇ ಸಲಕ್ಕೆ ಬಿಡ್ತಾರೆ, ಇಡೀ ಬೀದಿಗೇ ಗೊತ್ತು."

"ಹೌದಾ? ಹಾಗಾದ್ರೆ ಮನೆಗೆ ಹೋಗಿ ಅವರನ್ನೇ ಕೇಳ್ಕೊಂಡು ಬಾ, ನಿಜವಾಗ್ಲೂ ಒಂದೇ ಸಲಕ್ಕಾ ಅಂತ. ಅಲ್ಲೀವರೆಗೂ ನಿಂಗೆ ದೊಡ್ಡ ಹಾಳೆ ಇಲ್ಲ."

ಪರೀಕ್ಷೆಗೆ ಮೂರು ವಾರ ಉಳಿದಿತ್ತು. ಬಸ್ಸಿಗೂ ಕಾಯದೆ ಬಸವನಗುಡಿಯಿಂದ ಮನೆವರೆಗೂ ನಡೆದೇ ಬಂದೆ. ದಾರಿಯುದ್ದಕ್ಕೂ ಮಿಸ್ಸಿಗೆ ಮನಸ್ಸಿನಲ್ಲೇ ಉತ್ತರ ಕೊಡುತ್ತಿದ್ದೆ. ಅಜ್ಜಿಯನ್ನೇ ಕರೆದುಕೊಂಡು ಬಂದು ಆ ಶೆಡ್ಡಿನ ಮುಂದೆ ರಂಗೋಲಿ ಬಿಡಿಸುತ್ತೇನೆ, ಆಗ ನೋಡಲಿ ಅಂತ.

ಮನೆಯಲ್ಲಿ ಅಜ್ಜಿ ನಡುಮನೆಯ ನೆಲದ ಮೇಲೆ ಕಾಲು ಚಾಚಿ ಕೂತಿದ್ದಳು. ಮುಂದೆ ಅಗಲವಾದ ಹಿತ್ತಾಳೆ ಹರಿವಾಣ. ಗಿರಣಿಯಿಂದ ಆಗಷ್ಟೇ ಬಂದ ಅಕ್ಕಿಹಿಟ್ಟು ಬಿಸಿ ಇರುತ್ತದಲ್ಲ, ಹಾಗೇ ಡಬ್ಬಕ್ಕೆ ತುಂಬಿದರೆ ಬೆವರಿ ಕೆಡುತ್ತದೆ. ಅದಕ್ಕೇ ಅವಳು ಜರಡಿ ಹಿಡಿದು ಹರಿವಾಣದಲ್ಲಿ ಹರಡಿ ಆರಲು ಬಿಡುತ್ತಿದ್ದಳು. ಆರುವವರೆಗೂ ಅವಳ ತೋರುಬೆರಳು ಹಿಟ್ಟಿನಲ್ಲಿ ಸುಮ್ಮನೆ ಓಡಾಡುತ್ತಿತ್ತು. ಇದನ್ನು ನಾನು ಬುದ್ಧಿ ಬಂದಾಗಿನಿಂದ ನೋಡಿದ್ದೆ. ಗಂಟು ಇದೆಯೋ ಹುಳ ಇದೆಯೋ ಹುಡುಕುತ್ತಾಳೆ ಅಂದುಕೊಂಡಿದ್ದೆ.

ಅವತ್ತು ಚಪ್ಪಲಿ ಬಿಟ್ಟು, ಬ್ಯಾಗು ಒಗೆದು, ಅವಳ ಬೆನ್ನ ಹಿಂದೆ ನಿಂತು ಮೇಲಿಂದ ನೋಡಿದೆ. ಹರಿವಾಣದ ಎಡಗಡೆ ಒಂದು ಸಣ್ಣ ಸ್ಟೀಲ್ ಡಬ್ಬದ ಮುಚ್ಚಳ ಇಟ್ಟಿದ್ದಳು. ಬಲಗಡೆ ಬೆರಳಿನಲ್ಲಿ ಎಳೆದ ಒಂದು ಬಳ್ಳಿ. ಕತ್ತು ಓರೆ ಮಾಡಿ ನೋಡಿದಳು, ತುಟಿ ವಕ್ರ ಮಾಡಿದಳು, ಮುಚ್ಚಳ ಎತ್ತಿ ಹರಿವಾಣದ ಅಂಚು ಹಿಡಿದು ಎರಡು ಸಲ ಅಲ್ಲಾಡಿಸಿದಳು. ಬಳ್ಳಿ ಮಾಯವಾಯಿತು. ಮುಚ್ಚಳವನ್ನು ಅದೇ ಜಾಗಕ್ಕಿಟ್ಟು ಮತ್ತೆ ಬೆರಳು ಹಾಕಿದಳು.

"ಅಜ್ಜಿ, ಏನ್ ಮಾಡ್ತಿದೀಯ?"

"ಹಿಟ್ಟು ಆರಿಸ್ತಿದೀನಿ."

"ಅದಲ್ಲ. ಬೆರಳಲ್ಲಿ."

"ಓ, ಇದಾ? ನಾಳೇದು."

"ನಾಳೇದು ಏನು?"

"ನಾಳೆ ರಂಗೋಲಿ ಕಣೇ. ಬೆಳಗ್ಗೆ ಆರು ಗಂಟೆ ಚಳೀಲಿ ಬಗ್ಗಿ ನಿಂತ್ಕೊಂಡು, ಎಲ್ಲಿ ಏನಿಡ್ಲಿ ಅಂತ ಯೋಚನೆ ಮಾಡಕ್ಕಾಗುತ್ತಾ ನನ್ನ ಸೊಂಟದಲ್ಲಿ?"

"ಅಂದ್ರೆ... ನೀನು ರಫ್ ಹಾಕ್ತೀಯಾ?"

"ರಫ್ಫೋ ಗಿಫ್ಫೋ. ಒಂದು ನಾಕೈದು ಸಲ ಹಾಕಿ ನೋಡ್ತೀನಿ. ಮನಸ್ಸಿಗೆ ಬರ್ಲಿಲ್ಲ ಅಂದ್ರೆ ಹತ್ತು."

"ಯಾವತ್ತೂ ಹೇಳಲೇ ಇಲ್ವಲ್ಲ!"

"ನೀನ್ ಯಾವತ್ತು ಕೇಳ್ದೆ?"

"ಸರೋಜಮ್ಮ ದಿನಾ ಅಂತಾರೆ, ಗೀಟು ಎಳೆದ್ರೆ ಎಳೆದಿದ್ದೇ ಅಂತ. ನೀನು ಸುಮ್ನೆ ನಗ್ತಾ ಇರ್ತೀಯ!"

"ಹೊಗಳೋರ ಬಾಯಿ ನಾನ್ಯಾಕೆ ಮುಚ್ಚಿಸ್ಲಿ?"

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಇವಳನ್ನು ನಂಬಿಕೊಂಡು ನಾನು ಪರೀಕ್ಷೆಯಲ್ಲಿ ಹಾಳೆ ಹಾಳು ಮಾಡಿದ್ದೆ, ಮಿಸ್ಸಿನ ಮುಂದೆ ಮರ್ಯಾದೆ ಕಳೆದುಕೊಂಡಿದ್ದೆ. ಮೋಸ ಹೋದವಳ ಹಾಗೆ ಅಲ್ಲೇ ಕುಕ್ಕರಿಸಿ ಜೋರಾಗಿ ಅತ್ತೆ. ಫೇಲಾದದ್ದು, ಅಪ್ಪನ ಮಾತು, ಶೆಡ್ಡಿನಲ್ಲಿ ನಕ್ಕದ್ದು, ಎಲ್ಲವನ್ನೂ ಅಳುವಿನ ಮಧ್ಯೆಯೇ ಹೇಳಿದೆ.

"ಅತ್ಲಾಗೆ ಸರಿದು ಅಳು," ಅಂದಳು ಅಜ್ಜಿ. "ಕಣ್ಣೀರು ಬಿದ್ರೆ ಹಿಟ್ಟು ಮುದ್ದೆಯಾಗುತ್ತೆ."

ಅಳು ಮುಗಿದ ಮೇಲೆ ಸೆರಗಿನಲ್ಲಿ ನನ್ನ ಮೂಗು ಒರೆಸಿದಳು. ಹರಿವಾಣವನ್ನು ನನ್ನ ಮುಂದಕ್ಕೆ ತಳ್ಳಿದಳು.

"ಈ ಮುಚ್ಚಳ ಏನು ಹೇಳು?"

"ಡಬ್ಬದ ಮುಚ್ಚಳ."

"ನಮ್ಮ ಸಂಪು ಕಣೇ, ಮಂಕೇ."

ನಮ್ಮ ಮನೆಯ ಮುಂದೆ ನೆಲದೊಳಗೆ ನೀರಿನ ಸಂಪಿತ್ತು. ಅದರ ಕಬ್ಬಿಣದ ಮುಚ್ಚಳ ಬಾಗಿಲಿನ ಎಡಕ್ಕೆ, ರಂಗೋಲಿ ಹಾಕುವ ಜಾಗವನ್ನೇ ನುಂಗಿಕೊಂಡು ಕರ್ರಗೆ ಕೂತಿತ್ತು. ಅದರ ಮೇಲೆ ರಂಗೋಲಿ ಬಿಡುವ ಹಾಗಿಲ್ಲ. ನೀರು ಬಂತೇ ಇಲ್ಲವೇ ಎಂದು ಅಪ್ಪ ದಿನಕ್ಕೆ ನಾಲ್ಕು ಸಲ ಅದನ್ನು ಎತ್ತಿ ಬಗ್ಗಿ ನೋಡುತ್ತಿದ್ದರು. ಬೀದಿಯ ಬೇರೆಯವರಿಗೆಲ್ಲ ಬಾಗಿಲ ಮುಂದೆ ಚೊಕ್ಕ ಜಾಗ. ಅವರು ನಡುವೆ ಒಂದು ಹೂವಿಟ್ಟು ನಾಲ್ಕೂ ಕಡೆ ಒಂದೇ ಸಮ ಬೆಳೆಸುತ್ತಿದ್ದರು. ನಮ್ಮ ಅಜ್ಜಿಗೆ ಆ ಭಾಗ್ಯ ಇರಲಿಲ್ಲ. ನಮ್ಮ ರಂಗೋಲಿ ಯಾವತ್ತೂ ಬಾಗಿಲ ನಡುವೆ ಇರುತ್ತಿರಲಿಲ್ಲ ಎನ್ನುವುದೇ ನನಗೆ ಆ ಕ್ಷಣದವರೆಗೂ ಹೊಳೆದಿರಲಿಲ್ಲ.

"ಆ ಮುಚ್ಚಳಾನೂ ಒಂದು ಹೂವು ಅಂದ್ಕೋ," ಅಂದಳು. "ನಾವು ಬರೀದಿರೋ ಹೂವು. ಕಪ್ಪಗಿದೆ, ಅದಕ್ಕೇ ಭಾರ ಜಾಸ್ತಿ. ಈ ಕಡೆ ನಾನೂ ಅಷ್ಟೇ ದೊಡ್ಡದೊಂದು ಹಾಕಿದೆ ಅನ್ನು, ಎರಡೂ ಗುರಾಯಿಸ್ಕೊಂಡು ನಿಂತಂಗೆ ಕಾಣುತ್ತೆ. ಏನೂ ಹಾಕ್ದೆ ಬಿಟ್ಟೆ ಅನ್ನು, ಮನೇನೇ ಎಡಕ್ಕೆ ವಾಲಿದಂಗಿರುತ್ತೆ. ಅದಕ್ಕೆ ಈ ಕಡೆ ಒಂದು ಬಳ್ಳಿ. ಅದರಾಚೆ ದೂರಕ್ಕೆ, ಗೇಟ್ ಹತ್ರ, ಒಂದೇ ಒಂದು ಪುಟ್ಟ ಗಿಣಿ. ಚಿಕ್ಕದಾದ್ರೂ ದೂರ ಕೂತ್ರೆ ತೂಗುತ್ತೆ."

"ಮಧ್ಯೆ ಇಷ್ಟು ಖಾಲಿ ಬಿಟ್ಯಲ್ಲ?"

"ಬಿಡಬೇಕು. ಹಾಲಿನೋನು ಕಾಲಿಡೋದು ಬೇಡ್ವಾ?"

"ಸರಿಯಾಯ್ತು ಅಂತ ಹೇಗೆ ಗೊತ್ತಾಗುತ್ತೆ ಅಜ್ಜಿ?"

"ಕಣ್ಣು ಅರ್ಧ ಮುಚ್ಚು. ನಿದ್ದೆಗಣ್ಣಲ್ಲಿ ನೋಡ್ದಂಗೆ ನೋಡು. ಗಿಣಿ, ಎಲೆ ಎಲ್ಲಾ ಮರೆತು ಬರೀ ದಪ್ಪ ಸಣ್ಣ ಕಾಣಬೇಕು. ಹರಿವಾಣ ಯಾವ ಕಡೆಗಾದ್ರೂ ಜಾರ್ತಿದೆ ಅನ್ನಿಸ್ತಾ, ಅಲ್ಲಾಡ್ಸಿ ಅಳಿಸ್ಬಿಡು. ಹಿಟ್ಟೇನು ಹೋಗೋದು? ಅಲ್ಲೇ ಇರುತ್ತೆ."

ಪದ್ಮಾ ಮಿಸ್ ವರ್ಷವಿಡೀ ಹೇಳಿದ್ದನ್ನೇ ಇವಳು ಹಿಟ್ಟಿನಲ್ಲಿ ಹೇಳುತ್ತಿದ್ದಳು. ನಾನು ಕಣ್ಣು ಅರ್ಧ ಮುಚ್ಚಿದೆ. ಗಿಣಿ ಹೋಗಿ ಒಂದು ಚುಕ್ಕೆಯಾಯಿತು, ಬಳ್ಳಿ ಹೋಗಿ ಒಂದು ಪಟ್ಟೆಯಾಯಿತು. ಹರಿವಾಣ ಜಾರಲಿಲ್ಲ. ಅಜ್ಜಿ ಅಂಚು ಹಿಡಿದು ಅಲ್ಲಾಡಿಸಿ, "ಈಗ ನೀನು," ಅಂದಳು.

ಮರುದಿನ ಭಾನುವಾರ ಶೆಡ್ಡಿಗೆ ಹೋಗಿ ಎಲ್ಲರಿಗೂ ಕೇಳುವ ಹಾಗೆ, "ಹತ್ತು ಸಲ ಅಂತೆ ಮಿಸ್," ಅಂದೆ. ಮಿಸ್ ನಗಲಿಲ್ಲ. "ಯಾವುದರ ಮೇಲೆ?" ಎಂದು ಕೇಳಿದರು. ಅಕ್ಕಿಹಿಟ್ಟಿನ ಮೇಲೆ ಅಂದಾಗ ತಮ್ಮ ಕಿವಿಯ ಮೇಲೆ ಸಿಕ್ಕಿಸಿಕೊಂಡಿದ್ದ ದಪ್ಪ ಸೀಸದ ಪೆನ್ಸಿಲ್ ತೆಗೆದು ನನಗೆ ಕೊಟ್ಟರು. ಅವರು ಅದನ್ನು ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ.

ಅಲ್ಲಿಂದ ಮೂರು ವಾರ ನಾನು ಮನುಷ್ಯಳಾಗಿರಲಿಲ್ಲ ಅನ್ನಿ. ದಿನಕ್ಕೊಂದು ಹರಿಯುವ ಕ್ಯಾಲೆಂಡರಿನ ಹಾಳೆಗಳ ಬೆನ್ನೆಲ್ಲ ನನ್ನದಾಯಿತು. ನಾಳೆಯದನ್ನೂ ಇವತ್ತೇ ಹರಿದುಕೊಳ್ಳುತ್ತೇನೆಂದು ಅಪ್ಪ ಕ್ಯಾಲೆಂಡರನ್ನು ಎತ್ತರದ ಮೊಳೆಗೆ ತೂಗುಹಾಕಿದರು. ಬೆಂಕಿಪೊಟ್ಟಣ ಖಾಲಿಯಾಗುವವರೆಗೆ ಕಾಯುವ ತಾಳ್ಮೆ ಇಲ್ಲದೆ ಕಡ್ಡಿಗಳನ್ನು ಲೋಟಕ್ಕೆ ಸುರಿದು ಪೊಟ್ಟಣ ಹಾರಿಸುತ್ತಿದ್ದೆ.

"ಸ್ಟವ್ ಹಚ್ಚಕ್ಕೆ ಪೊಟ್ಟಣ ಎಲ್ಲಿ ಹೋಯ್ತೇ? ಲೋಟಕ್ಕೆ ಗೀರ್ಲಾ ಕಡ್ಡೀನ?" ಎಂದು ಅಮ್ಮ ಅಡುಗೆಮನೆಯಿಂದ ಕೂಗುತ್ತಿದ್ದಳು.

ಸಂಜೆ ಹೊತ್ತು ಅಜ್ಜಿ, ನಾನು ಎದುರುಬದುರು ಕೂರುತ್ತಿದ್ದೆವು. ನಡುವೆ ನೆನೆಸಿದ ಅವರೆಕಾಳಿನ ಬೋಗುಣಿ. ಹಿತುಕಿದರೆ ಬೇಳೆ ಚಿಮ್ಮಿ ಪಾತ್ರೆಗೆ ಬೀಳಬೇಕು, ಹೊರಗೆ ಬಿದ್ದರೆ ಸೋಲು ಎನ್ನುವುದು ನಮ್ಮ ಆಟ. ಅಜ್ಜಿಯ ಬೇಳೆ ಒಂದೂ ಹೊರಗೆ ಬೀಳುತ್ತಿರಲಿಲ್ಲ, ನನ್ನವು ಗೋಡೆಯ ದೇವರ ಫೋಟೋಗಳವರೆಗೂ ಹಾರುತ್ತಿದ್ದವು. ಹಿತುಕಿ ಮುಗಿದ ಮೇಲೆ ಅವಳು ಹರಿವಾಣ ಎಳೆದುಕೊಳ್ಳುತ್ತಿದ್ದಳು, ನಾನು ಕ್ಯಾಲೆಂಡರ್ ಹಾಳೆ. ಅವಳು ಅಲ್ಲಾಡಿಸಿ ಅಳಿಸುತ್ತಿದ್ದಳು, ನಾನು ಹಾಳೆಯ ಮೇಲಿನ ಮುಂದಿನ ಮನೆಗೆ ಹೋಗುತ್ತಿದ್ದೆ. ನಾನು ಬರೆದದ್ದನ್ನು ಅವಳಿಗೆ ಹಿಡಿದರೆ ಕಣ್ಣು ಅರ್ಧ ಮುಚ್ಚಿ, "ಬೀಳುತ್ತೆ," "ಬೀಳುತ್ತೆ," "ಹ್ಞೂಂ, ನಿಲ್ಲಬಹುದು," ಎನ್ನುತ್ತಿದ್ದಳು. ಆಮೇಲೆ ಎದ್ದು ಅದೇ ಹಿಟ್ಟಿಗೆ ಬಿಸಿನೀರು ಹೊಯ್ದು ರೊಟ್ಟಿಗೆ ಕಲಸುತ್ತಿದ್ದಳು.

ಪರೀಕ್ಷೆಗೆ ನಾಲ್ಕು ದಿನ ಇದ್ದಾಗ ಒಂದು ಬೆಳಗ್ಗೆ ಪುಡಿಯ ಡಬ್ಬ ನನ್ನ ಕೈಗೇ ಕೊಟ್ಟಳು. ಹಿಂದಿನ ಸಂಜೆ ಹರಿವಾಣದಲ್ಲಿ ಹನ್ನೆರಡು ಸಲ ಹಾಕಿ ನೋಡಿದ್ದ ಬಳ್ಳಿಯೇ. ಆದರೂ ನೆಲದ ಮೇಲೆ ಕೈ ಹಿಡಿತ ತಪ್ಪಿ ಬಳ್ಳಿ ಸಂಪಿನ ಕಡೆಗೇ ವಾಲಿತು. ಸರೋಜಮ್ಮ ಹಾಲಿನ ಪಾತ್ರೆ ಹಿಡಿದು ನಿಂತು, "ಯಾಕೋ ಇವತ್ತು ನಿಮ್ಮತ್ತೆ ಕೈ ನಡುಗಿದೆ," ಅಂದರು. ಅಮ್ಮ ಬಾಯಿ ತೆರೆಯುವ ಮೊದಲೇ ಅಜ್ಜಿ ಒಳಗಿಂದ, "ವಯಸ್ಸಾಯ್ತಲ್ಲಮ್ಮ!" ಎಂದು ಕೂಗಿದಳು. ತಿದ್ದಲು ಮಾತ್ರ ಬರಲಿಲ್ಲ. ನಾನು ಹಲ್ಲು ಕಚ್ಚಿಕೊಂಡು ಗೇಟಿನಾಚೆ ಹೋಗಿ, ಬೀದಿಯಲ್ಲಿ ನಿಂತು, ನಿದ್ದೆಗಣ್ಣು ಮಾಡಿ ನೋಡಿದೆ. ಎಡಕ್ಕೆ ಭಾರ. ವಾಪಸು ಬಂದು ಗೇಟಿನ ಮೂಲೆಗೆ, ಬಹಳ ದೂರಕ್ಕೆ, ಒಂದು ಚಿಕ್ಕ ಹಣತೆ ಬರೆದೆ. ಮತ್ತೆ ಹೋಗಿ ನೋಡಿದೆ. ನಿಂತಿತ್ತು! ಆ ಚಳಿಯಲ್ಲಿ ನನಗೆ ಬೆವರು ಬಂದಿತ್ತು.

ಪರೀಕ್ಷೆ ಮಲ್ಲೇಶ್ವರದ ಒಂದು ಸ್ಕೂಲಿನಲ್ಲಿ. ಕಂಪಾಸ್ ಬಾಕ್ಸಿನಲ್ಲಿ ಪೆನ್ಸಿಲುಗಳ ಜೊತೆ ಬೆಂಕಿಪೊಟ್ಟಣವನ್ನೂ ಇಟ್ಟುಕೊಂಡು ಹೋಗಿದ್ದೆ. ಸೂಪರ್‌ವೈಸರು ಬಂದು ಅದನ್ನು ಎರಡು ಬೆರಳಲ್ಲಿ ಎತ್ತಿದರು.

"ಏನಮ್ಮ ಇದು? ಹಾಲ್‌ನಲ್ಲಿ ಬೆಂಕಿಪೊಟ್ಟಣ?"

"ಖಾಲಿ ಸಾರ್. ಗೀಟು ಎಳೆಯಕ್ಕೆ."

"ಗೀಟು ಎಳೆಯಕ್ಕೆ ಸ್ಕೇಲ್ ಇದ್ಯಲ್ಲ," ಎಂದು ಅದನ್ನು ಜೇಬಿಗೆ ಹಾಕಿಕೊಂಡು ಹೋಗಿಯೇಬಿಟ್ಟರು. ಕಂಪಾಸ್ ಬಾಕ್ಸಿನಲ್ಲಿ ತಡಕಾಡಿದಾಗ ರಬ್ಬರ್ ಕಣ್ಣಿಗೆ ಬಿತ್ತು. ಬೆಂಕಿಪೊಟ್ಟಣಕ್ಕಿಂತ ಚಿಕ್ಕದು, ಆದರೆ ನಾಲ್ಕು ಮೂಲೆ ಅದಕ್ಕೂ ಇತ್ತಲ್ಲ. ಈ ಸಲ ಅಳಿಸುವ ಕೆಲಸ ಅದಕ್ಕಿಲ್ಲ, ಮನೆ ಕಟ್ಟುವ ಕೆಲಸ ಎಂದುಕೊಂಡು ಪ್ರಶ್ನೆಪತ್ರಿಕೆಯ ಬೆನ್ನಿನ ಮೇಲೆ ಅದನ್ನಿಟ್ಟು ಆರು ಮನೆ ಎಳೆದೆ.

ಪ್ರಶ್ನೆ ಹೀಗಿತ್ತು: ಒಂದು ಆಯತ, ಅದರೊಳಗೆ ಒಂದು ದೊಡ್ಡ ವೃತ್ತ, ಮೂರು ಎಲೆ, ಎರಡು ತ್ರಿಕೋನ, ಎಡಭಾಗ ಬಲಭಾಗ ಒಂದೇ ರೀತಿ ಇರಕೂಡದು. ಹಾಲಿನಲ್ಲಿ ಸುತ್ತಲೂ ಪೆನ್ಸಿಲುಗಳು ದೊಡ್ಡ ಹಾಳೆಯ ಮೇಲೆ ಸರಸರ ಓಡತೊಡಗಿದವು. ನನ್ನ ಮುಂದಿನ ಹುಡುಗಿ ಆಗಲೇ ಹಾಳೆಯ ನಡುವೆ ಕೈವಾರ ಊರಿ ವೃತ್ತ ಎಳೆದಿದ್ದಳು. ನನ್ನ ಕೈಯೂ ತುರಿಸಿತು, ಸುಳ್ಳು ಯಾಕೆ ಹೇಳಲಿ. ಹಿಡಿದುಕೊಂಡೆ.

ಮೊದಲನೆಯ ಮನೆ ಬಿತ್ತು. ಎರಡನೆಯದೂ ಬಿತ್ತು. ಮೂರನೆಯದರಲ್ಲಿ ವೃತ್ತ ಕೆಳಗೆ ಕೂತು ಉಳಿದದ್ದೆಲ್ಲ ಮೇಲೆ ತೇಲುತ್ತಿತ್ತು. ನಾಲ್ಕು, ಐದು. ಅರ್ಧ ಗಂಟೆಯ ಗಂಟೆ ಹೊಡೆಯಿತು. ನನ್ನ ದೊಡ್ಡ ಹಾಳೆ ಇನ್ನೂ ಖಾಲಿ. ಸೂಪರ್‌ವೈಸರು ಬಂದು ಬಗ್ಗಿ ನೋಡಿ, "ಶುರು ಮಾಡಮ್ಮ, ಏನ್ ಆಟ ಆಡ್ತಿದೀಯ?" ಅಂದರು. ಈ ಸಲವೂ ಹೋದರೆ ಶನಿವಾರವೂ ಹೋಯಿತು, ಶೆಡ್ಡೂ ಹೋಯಿತು. ಕಣ್ಣು ಅರ್ಧ ಮುಚ್ಚಿದೆ. ನಮ್ಮ ಮನೆಯ ಬಾಗಿಲು ಬಂದು ನಿಂತಿತು. ಎಡಕ್ಕೆ ಕರ್ರಗಿನ ಸಂಪು.

ಆರನೆಯ ಮನೆಯಲ್ಲಿ ವೃತ್ತವನ್ನು ಎಡಗಡೆಗೆ ದೂಡಿಬಿಟ್ಟೆ. ಅದರಿಂದ ಹೊರಟಂತೆ ಮೂರು ಎಲೆ ಬಲಕ್ಕೆ ಬಾಗಿದವು. ಹಾಲಿನವನು ಕಾಲಿಡುವಷ್ಟು ಖಾಲಿ ಜಾಗ. ಅದರಾಚೆ ಬಲತುದಿಯ ಮೂಲೆಯಲ್ಲಿ, ಗೇಟಿನ ಹತ್ತಿರ, ಎರಡು ಚಿಕ್ಕ ತ್ರಿಕೋನ. ತಲೆ ಓರೆ ಮಾಡಿ ನೋಡಿದೆ. ಹಾಳೆ ಯಾವ ಕಡೆಗೂ ಜಾರಲಿಲ್ಲ. ಆಮೇಲೆ ದೊಡ್ಡ ಹಾಳೆಯ ಮೇಲೆ ಕೈ ಇಟ್ಟವಳು ಮೇಲೆ ನೋಡಲಿಲ್ಲ. ಗೀಟು ಎಳೆದರೆ ಎಳೆದದ್ದೇ. ಒಂದನ್ನೂ ಅಳಿಸಲಿಲ್ಲ. ಬಣ್ಣ ಒಣಗುವಾಗ ಇನ್ನೂ ಹತ್ತು ನಿಮಿಷ ಉಳಿದಿತ್ತು.

ಹೊರಗೆ ಬರುವಾಗ ಸೂಪರ್‌ವೈಸರು ಬೆಂಕಿಪೊಟ್ಟಣ ವಾಪಸು ಕೊಟ್ಟರು. ಮನೆಗೆ ಬಂದು ಪ್ರಶ್ನೆಪತ್ರಿಕೆಯ ಬೆನ್ನನ್ನು ಅಜ್ಜಿಗೆ ತೋರಿಸಿದೆ. ಅವಳು ಕನ್ನಡಕ ಹಾಕಿಕೊಂಡು, ತೆಗೆದು, ಕಣ್ಣು ಅರ್ಧ ಮುಚ್ಚಿ ಒಂದೊಂದೇ ಮನೆ ದಾಟಿ ಆರನೆಯದಕ್ಕೆ ಬಂದಳು.

"ಅಯ್ಯೋ! ನಮ್ಮ ಸಂಪಲ್ವೇನೇ ಇದು!" ಅಂದಳು. ಆಮೇಲೆ, "ಈ ಮೂರನೇ ಎಲೆ ಒಂಚೂರು ಈಚೆಗೆ ಬರಬೇಕಿತ್ತು. ಆದ್ರೂ ನಿಂತಿದೆ ಬಿಡು."

ಪಾಸಾದೆ. ಭಾರಿ ನಂಬರೇನೂ ಅಲ್ಲ, ಆದರೆ ಪಾಸು. ಅಪ್ಪ ಕಾರ್ಡನ್ನು ಎರಡು ಸಲ ಓದಿ ಮಡಚಿ, "ಶನಿವಾರ ಎಷ್ಟು ಗಂಟೆಗೆ ಕ್ಲಾಸು?" ಎಂದು ಕೇಳಿದರು. ಅಷ್ಟರಲ್ಲೇ ಅವರು ಎಲ್ಲ ಹೇಳಿಬಿಟ್ಟಿದ್ದರು.

ಈಗ ನಾನು ತ್ಯಾಗರಾಜನಗರದ ಮನೆಯ ಒಂದು ರೂಮಿನಲ್ಲಿ ಕೂತು ಪುಸ್ತಕಗಳಿಗೆ ಮುಖಪುಟ ಮಾಡುತ್ತೇನೆ. ಕಂಪ್ಯೂಟರಿನಲ್ಲೇ ಕೆಲಸ. ತಪ್ಪಾದರೆ ಒಂದು ಗುಂಡಿ ಒತ್ತಿದರೆ ಸಾಕು, ಹಾಳೆಗೆ ಜುಂಗು ಏಳುವುದಿಲ್ಲ. ಆದರೂ ಮೊದಲು ಆರು ಪುಟ್ಟ ಮನೆ ಎಳೆಯದೆ ನನ್ನ ಕೈ ಮುಂದಕ್ಕೆ ಹೋಗುವುದಿಲ್ಲ. "ಮೊದಲನೇದೇ ಕಳಿಸಿ ಮೇಡಂ, ಟೈಮಿಲ್ಲ," ಅನ್ನುತ್ತಾರೆ ಕೆಲವರು. ಕಳಿಸುವುದಿಲ್ಲ. ಕೆಲಸ ಹೋದರೆ ಹೋಗಲಿ ಅಂತ ಆರನೆಯದರವರೆಗೂ ಹೋಗುತ್ತೇನೆ. ಒಲೆ ತಾನಾಗಿ ಹೊತ್ತಿಕೊಳ್ಳುವ ಮನೆಯಲ್ಲಿ ಬೆಂಕಿಪೊಟ್ಟಣ ದೇವರ ಮುಂದೆ ಮಾತ್ರ ಇದೆ. ಅದನ್ನು ಹಾರಿಸಿದರೆ ಕೂಗುವವರು ಯಾರೂ ಇಲ್ಲ.

ಚಾಮರಾಜಪೇಟೆಯ ಮನೆಯ ಮುಂದೆ ಈಗ ಗ್ರಾನೈಟ್ ಹಾಸಿದ್ದಾರೆ. ಸಂಪಿನ ಮುಚ್ಚಳವೂ ಅದೇ ಕಲ್ಲಿನದು, ಎಲ್ಲಿದೆ ಅಂತ ಗೊತ್ತಾಗುವುದಿಲ್ಲ. ಅದರ ಮೇಲೆ ಕಾರು ನಿಲ್ಲುತ್ತದೆ, ಹೊಸ್ತಿಲ ಹತ್ತಿರ ಅಂಗಡಿಯಿಂದ ತಂದ ರಂಗೋಲಿ ಸ್ಟಿಕ್ಕರ್ ಇದೆ. ಸರಿಯಾಗಿ ಮಧ್ಯಕ್ಕೇ ಅಂಟಿಸಿದ್ದಾರೆ. ಅಜ್ಜಿ ನಾನು ಕಾಲೇಜಿಗೆ ಹೋಗುತ್ತಿದ್ದಾಗ ತೀರಿಕೊಂಡಳು. ಅವಳು ಮುಗಿಸಿದ ರಂಗೋಲಿಗಳಲ್ಲಿ ಎರಡು ಮಾತ್ರ ಯಾವುದೋ ಮದುವೆಯ ಆಲ್ಬಮ್ಮಿನಲ್ಲಿ, ಯಾರ್‍ಯಾರದೋ ಕಾಲುಗಳ ಸಂದಿಯಲ್ಲಿ ಉಳಿದುಕೊಂಡಿವೆ.

ನನ್ನ ಆರು ಮನೆಗಳ ಪ್ರಶ್ನೆಪತ್ರಿಕೆ ಮಡಿಕೆಯಲ್ಲಿ ಹರಿದು ಹೋಗಿದ್ದರೂ ಇದೆ. ಅಜ್ಜಿಯ ಹರಿವಾಣವೂ ನನ್ನ ಹತ್ತಿರವೇ ಇದೆ. ಅವಳು ಅದರಲ್ಲಿ ಬೀಳಿಸಿದ್ದು, ನಿಲ್ಲಿಸಿದ್ದು, ಹತ್ತನೆಯ ಸಲಕ್ಕೆ ಒಪ್ಪಿಕೊಂಡದ್ದು, ಯಾವುದಾದರೂ ಒಂದನ್ನು ಮತ್ತೆ ನೋಡಬೇಕೆಂದು ಎಷ್ಟೋ ಸಲ ಅನ್ನಿಸಿದೆ. ಒಂದೇ ಒಂದು ಸಾಕಿತ್ತು. ಆದರೆ ಎಲ್ಲಿಂದ ತರಲಿ? ಪ್ರತಿ ಸಂಜೆ ಆ ಹಿಟ್ಟಿಗೆ ಬಿಸಿನೀರು ಹೊಯ್ದು, ಅವರೆಕಾಳು ಹಾಕಿ ಕಲಸಿ ತಟ್ಟಿ, ತುಪ್ಪ ಸವರಿಕೊಂಡು, ಇನ್ನೊಂದು ಹಾಕಜ್ಜಿ ಎಂದು ಕೇಳಿ ಕೇಳಿ ನಾವೇ ತಿಂದುಬಿಟ್ಟಿದ್ದೇವೆ.